ಹೆಡ್‌ಸೆಟ್ಟಿನೊಳಗಿನ ಮಾತು

"ಅಷ್ಟು ಸಲೀಸಾಗಿ ಹೆಂಗಪ್ಪಾ ಅಂದ?"

ಸರಸ್ವತಿಪುರಂನ ಮನೆಯಲ್ಲಿ, ಟೀವಿಯ ಮುಂದೆ ಒಬ್ಬಳೇ ಕೂತಿದ್ದ ಶಿವಾನಿ ಯಾರನ್ನೂ ಕೇಳದೆ ಕೇಳಿದಳು.

ಟೀವಿಗೆ ಜೋಡಿಸಿದ್ದು ತೀರಿಕೊಂಡ ಅಣ್ಣ ಮೃತ್ಯುಂಜಯನ ವಿಡಿಯೋ ಕ್ಯಾಮೆರಾ. ಅವನು ಗೆಳೆಯನ ಜೊತೆ ಹತ್ತಿದ್ದ ಪುಟ್ಟ ವಿಮಾನ ಇಲವಾಲದಾಚೆ ಹೊಲಕ್ಕೆ ಬೀಳುವವರೆಗೂ ಕ್ಯಾಮೆರಾ ಓಡುತ್ತಲೇ ಇತ್ತು. ಎಂಜಿನ್ನಿನ ಸದ್ದು ಮಾತನ್ನು ನುಂಗದಿರಲೆಂದು ಅಣ್ಣ ಹೆಡ್‌ಸೆಟ್ಟಿನಿಂದ ಕ್ಯಾಮೆರಾದ ಮೈಕಿಗೆ ವೈರು ಎಳೆದಿದ್ದ. ಕಣ್ಣಿಗೆ ಕಿಟಕಿಯಾಚೆಯ ಆಕಾಶ ಮಾತ್ರ. ಕಿವಿಗೆ ಇಬ್ಬರ ಮಾತು ಮಾತ್ರ.

"ಕಿರಣ, ಮೂಗು ಕೆಳಗೋಗ್ತಿದೆ ಕಣೋ!" ಅಣ್ಣನ ದನಿ.

"ಬುಡು ಜಯ... ಬುಡು!"

ಇದು ವಿಮಾನ ನಡೆಸುತ್ತಿದ್ದ ಗುರುಕಿರಣ. ಅಣ್ಣನ ಗೆಳೆಯ, ಶಿವಾನಿಯ ಕೈ ಹಿಡಿಯಬೇಕಿದ್ದವನು.

ಹೆದರಿದವನಿಗೆ 'ಹೋಗ್ಲಿ ಬುಡು' ಅನ್ನೋ ಹಾಗೆ ಅಂದನಲ್ಲ! ಇಷ್ಟು ಅಸಡ್ಡೆಯೇ? ಇವತ್ತು ಈ ಟೇಪು ಅಪಘಾತದ ವಿಚಾರಣೆಯವರ ಕೈ ಸೇರಿದರೆ ಅವನ ಕತೆ ಮುಗಿಯಿತು. ಮುಗಿಯಲಿ!

ಬಾಗಿಲಲ್ಲಿ ಊರುಗೋಲಿನ ಸದ್ದು. ಗುರುಕಿರಣ!

"ಅಮ್ಮ ಇಲ್ವಾ?"

"ಮಠಕ್ಕೆ ಹೋಗಿದಾರೆ. ಇನ್ಯಾರನ್ನ ವಿಮಾನ ಹತ್ತಿಸ್ಬೇಕಿತ್ತು?"

ಅವನ ತಲೆ ತಗ್ಗಿತು. "ಟೇಪ್ ಕೊಡೋಕ್ ಮುಂಚೆ ಒಂದ್ ಮಾತು..."

"ನಿಮ್ ಮಾತು ಇದರಲ್ಲೇ ಇದೆ. ಕೇಳ್ಕೊಳ್ಳಿ!"

ರೋಷದಿಂದ ಮತ್ತೆ ಹಾಕಿದಳು. 'ಬುಡು' ಎಂಬ ಮಾತು ಬಂದದ್ದೇ ತಡ, ಅವನ ಸುಟ್ಟ ಬೆರಳುಗಳು ಗಾಳಿಯಲ್ಲಿ ಯಾರದೋ ಮುಷ್ಟಿ ಬಿಡಿಸಲು ಒದ್ದಾಡಿದವು.

ಅಮ್ಮ ವಚನ ಹೇಳುವಾಗ ಉಸಿರು ಎಲ್ಲಿ ನಿಲ್ಲುತ್ತದೆಂದು ಕೇಳಿಯೇ ಬೆಳೆದ ಕಿವಿ ಶಿವಾನಿಯದು. ಈಗ ಕೇಳಿಸಿತು... ಎರಡು 'ಬುಡು'ಗಳ ನಡುವೆ ಅಣ್ಣನ ಉಸಿರು. ಭಾರ ಎಳೆಯುವವನ ಬಿಗಿದ ಉಸಿರು!

"ಅಣ್ಣ... ಏನ್ ಹಿಡ್ಕೊಂಡಿದ್ದ?"

ಅವನು ಮುಖ ತಿರುಗಿಸಿದ.

"ಹೇಳ್ರೀ!"

"ವಿಮಾನದ ಮೂಗು ಏರಿಸಿ ಇಳಿಸೋ ಸ್ಟಿಕ್ಕು. ಅವನ ಮುಂದೂ ಒಂದಿತ್ತು. ಹೆದರಿ ಎರಡೂ ಕೈಲಿ ಎಳೆದ್ಬುಟ್ಟ. ಹಂಗೆ ಎಳೆದ್ರೆ ರೆಕ್ಕೆಗೆ ಗಾಳಿ ಸಿಗದೆ ವಿಮಾನ ಬಿದ್ದೇ ಹೋಗುತ್ತೆ. ಕೈ ಬುಡು ಅಂದೆ... ಬಿಡಿಸೋಕಾಗ್ಲಿಲ್ಲ ಶಿವಾನಿ."

ಅಯ್ಯೋ ಶಿವನೇ... ಬೇಡಿಕೊಂಡದ್ದನ್ನೇ ಅಸಡ್ಡೆ ಅಂದುಕೊಂಡೆನಲ್ಲ!

"ಯಾಕ್ ಯಾರ್ಗೂ ಹೇಳ್ಲಿಲ್ಲ?"

"ನಿಮ್ ಮಗನೇ ಬೀಳಿಸ್ದ ಅಂತ ಆ ತಾಯಿಗೆ ಹೆಂಗ್ ಹೇಳ್ಲಿ?"

ಅವನ ಸುಟ್ಟ ಬೆರಳುಗಳನ್ನು ಅವಳು ಮೆಲ್ಲನೆ ಹಿಡಿದಳು.

"ದಿನಾ ಲಿಂಗದ ಮುಂದೆ ಕೂತು ನಿಮಗೆ ಕೆಟ್ಟದಾಗ್ಲಿ ಅಂತ ಬೇಡ್ಕೊಂಡೆ. ಪ್ರೀತಿ ಮಾತ್ರ ಸಾಯ್ಲೇ ಇಲ್ಲ ಕಣ್ರೀ..."

"ಹಾಗಾದ್ರೆ ನನಗೋಸ್ಕರ ಒಂದ್ ಮಾಡು. ನೀನು ಮೊದ್ಲು ಅಂದ್ಕೊಂಡಿದ್ದಂಗೇ, ನನ್ ತಪ್ಪಿಂದಾನೇ ಬಿತ್ತು ಅಂತ ವಿಚಾರಣೇಲಿ ಹೇಳು. ನನಗೆ ಜೈಲಾದ್ರೂ ಆಗ್ಲಿ. ಜಯನ ಹೆಸರು ಕೆಡೋದ್ ಬೇಡ."

"ಅಮ್ಮನಿಗೆ ನಿಜ ನಾನೇ ಹೇಳ್ತೀನಿ. ಅಳ್ತಾರೆ... ಅಳ್ಲಿ. ನೀವು ಪಕ್ಕದಲ್ಲಿರಿ, ಸಾಕು."

"ಕೈ ಮುಗೀತೀನಿ ಶಿವಾನಿ, ಇದೊಂದು ನಡೆಸ್ಕೊಡು..."

"ಆಗಲ್ಲ."