ಬಾಯಿಗೆ ಹಾಕಿದ ಚಿನ್ನ

ಡಾ. ಮಂದಾಕಿನಿಯ ಕೈಯಲ್ಲಿದ್ದ ತೆಳ್ಳನೆಯ ಕೋಲು ಮಣ್ಣುಗುಡ್ಡದ ಮೇಲೆ ಹಾದಾಗ ಪೀಪಿಯಂತೆ ಕೂಗಿತು. ಅದಕ್ಕೆ ಅವಳಿಟ್ಟ ಹೆಸರು ಸ್ವರ್ಣಶ್ರವಣಿ. ಸೂಕ್ಷ್ಮ ತರಂಗ ತಾಗಿದಾಗ ಪ್ರತಿ ಲೋಹವೂ ತನ್ನದೇ ರೀತಿಯಲ್ಲಿ ಕಂಪಿಸುತ್ತದೆ. ಆ ಎಲ್ಲ ಕಂಪನಗಳ ನಡುವೆ ಚಿನ್ನದ್ದನ್ನು ಮಾತ್ರ ಈ ಉಪಕರಣ ಕೇಳಿಸಿಕೊಳ್ಳುತ್ತದೆ. ಆಳದಲ್ಲಿ ಸಾಸಿವೆಯಷ್ಟಿದ್ದರೂ ಸಾಕು. ಗುಟ್ಟಪಲ್ಲಿಯ ಗಣಿ ಮುಚ್ಚಿ ಎರಡು ತಲೆಮಾರು ಕಳೆದಿದ್ದವು. ಅಂದು ಬೇಡವೆಂದು ಸುರಿದ ಮಣ್ಣಿನಿಂದಾದರೂ ಇಲ್ಲಿಯವರು ಬದುಕಲಿ ಎಂಬುದು ಅವಳ ಆಸೆಯಾಗಿತ್ತು.

ಜನ ಅದನ್ನು ಪೀಪಿ ಎಂದೇ ಕರೆದರು. ಪೀಪಿ ಬಾಡಿಗೆಗೆ ಸಿಗತೊಡಗಿದ ಮೇಲೆ ಸೇಲಂ, ಅನಂತಪುರ, ರಾಯಚೂರುಗಳಿಂದ ಬಂದವರು ಡೇರೆ ಹಾಕಿದರು. ಕುಡಿಯುವ ನೀರಿಗೂ ಜಗಳಗಳಾದವು. ಮಳೆಗಾಲದೊಳಗೆ ಗುಡ್ಡ ಬರಿದಾಯಿತು, ಬಂದವರ ಆಸೆ ಬರಿದಾಗಲಿಲ್ಲ.

ಆಮೇಲೆ ಪೀಪಿ ಸ್ಮಶಾನದಲ್ಲಿ ಕೂಗಿತು.

"ಅಲ್ಲಿ ಅದಿರು ಇರೋದು ಸಾಧ್ಯವೇ ಇಲ್ಲ," ಎಂದು ಮಂದಾಕಿನಿ ಚಹಾದಂಗಡಿಯ ಬೆಂಚಿನ ಮೇಲೆ ನಕ್ಷೆ ಬಿಡಿಸಿದಳು.

ಅಂಗಡಿಯ ಗಂಗುಲಮ್ಮ ಅವಳನ್ನೇ ನೋಡಿದಳು. "ಅದಿರಲ್ಲ ಮೇಡಮ್ಮೋರೆ. ಸತ್ತೋರ ಬಾಯಿಗೆ ಚಿನ್ನದ ಚೂರು ಹಾಕ್ತೀವಲ್ಲ, ಅದು. ನಿಮ್ಮ ಕಡೆ ಹಾಕಲ್ವಾ?"

ಹಾಕುತ್ತಿದ್ದರು. ಉಪಕರಣ ಕಟ್ಟಿದ ಅಷ್ಟು ವರ್ಷಗಳಲ್ಲಿ ಮಂದಾಕಿನಿಗೆ ಅದು ಒಮ್ಮೆಯೂ ನೆನಪಾಗಿರಲಿಲ್ಲ.

"ನನ್ನ ಮಗ್ಳು ವೇಣೀನೂ ಅಲ್ಲೇ ಅವ್ಳೆ. ಹೋದ್ವರ್ಷ ಜ್ವರ ಬಂದು ಹೋದ್ಲು. ತಾಳೀಲಿದ್ದ ಒಂದೇ ಚಿನ್ನದ ಗುಂಡು ಬಿಚ್ಚಿ ಅವರಪ್ಪನ ಕೈಗೆ ಕೊಟ್ಟೆ, ಬಾಯಿಗೆ ಹಾಕು ಅಂತ. ಹೆಂಗಸ್ರು ಸ್ಮಶಾನಕ್ಕೆ ಹೋಗಂಗಿಲ್ವಲ್ಲ. ನಿಮ್ಮ ಪೀಪಿ ನಿಲ್ಸಿ ಮೇಡಮ್ಮೋರೆ."

"ಚಿನ್ನ ಇದೆ ಅಂತಷ್ಟೇ ಅದು ಹೇಳೋದು. ಅಗೆಯೋ ಕೈ ನನ್ನದಲ್ಲ, ಗಂಗುಲಮ್ಮ."

"ಮತ್ತೆ ಕಿವೀಲಿ ಊದಿದ್ದು ಯಾರು?"

ಮಂದಾಕಿನಿ ನಕ್ಷೆ ಮಡಚಿ ಎದ್ದಳು. ಗಂಗುಲಮ್ಮ ಒಲೆ ಆರಿಸಿ, ಹುಟ್ಟಿದಾರಭ್ಯ ಕಾಲಿಡದ ಸ್ಮಶಾನದ ಕಡೆ ಅವಳೊಂದಿಗೆ ನಡೆದಳು.

ಅಲ್ಲಿ ಮೇಸ್ತ್ರಿ ದೊರೆಸ್ವಾಮಿಯ ತಂಡ ಪೀಪಿ, ಗುದ್ದಲಿ ಹಿಡಿದು ನಿಂತಿತ್ತು. ಉಳ್ಳವರ ಗೋರಿ ಯಾವುದೆಂದು ತೋರಿಸುತ್ತಿದ್ದವನು ಗಂಗುಲಮ್ಮನ ಗಂಡ ಪಿಳ್ಳಪ್ಪ. ಬೇಲಿಯ ಪಕ್ಕದ ಪುಟ್ಟ ದಿಬ್ಬ ಬಂದಾಗ ಅವನು ಅಡ್ಡ ಬಂದ.

"ಅದು ಬ್ಯಾಡ ಮೇಸ್ತ್ರಿ. ನನ್ ಮಗ್ಳು. ಅಲ್ಲೇನೂ ಇಲ್ಲ."

ಗಂಗುಲಮ್ಮನ ಎದೆ ತುಂಬಿ ಬಂತು. ಮಗಳ ಹೆಸರನ್ನೇ ಎತ್ತದ ಈ ಮನುಷ್ಯ, ಅವಳನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾನೆ!

"ಇಲ್ದಿದ್ರೆ ಪೀಪೀನೇ ಹೇಳ್ತದೆ ಬಿಡೋ," ಎಂದ ದೊರೆಸ್ವಾಮಿ.

ಗಂಗುಲಮ್ಮ ಓಡಿ ದಿಬ್ಬದ ಮೇಲೆ ಬೋರಲು ಬಿದ್ದಳು. ಪೀಪಿ ಕಿರುಚಿತು. ಗುದ್ದಲಿಗಳು ಎದ್ದವು.

"ನಿಲ್ಲಿ! ಅದು ಇವರ ಮೂಗುಬೊಟ್ಟು," ಎಂದಳು ಮಂದಾಕಿನಿ. ಗಂಗುಲಮ್ಮ ಅದನ್ನು ಬಿಚ್ಚಿ ಕೊಟ್ಟಳು. ಮಂದಾಕಿನಿ ಅದನ್ನು ಹಿಡಿದು ದೂರ ಸರಿದಳು.

ದೊರೆಸ್ವಾಮಿ ದಿಬ್ಬದ ಉದ್ದಕ್ಕೂ ಪೀಪಿ ಆಡಿಸಿದ. ತಲೆಯ ಕಡೆ ಮತ್ತೆ ಮತ್ತೆ ಆಡಿಸಿದ. ಸದ್ದಿಲ್ಲ.

"ಖಾಲಿ! ಹೆತ್ತ ಮಗ್ಳಿಗೂ ಒಂದು ಚೂರು ಹಾಕಿಲ್ವೇನೋ ಪಿಳ್ಳಪ್ಪಾ?" ಎಲ್ಲರೂ ನಕ್ಕರು. ಪಿಳ್ಳಪ್ಪ ಬೇಲಿಯ ಕಡೆ ಮುಖ ತಿರುಗಿಸಿ ಬೀಡಿ ಹಚ್ಚಿದ. ತಂಡ ಪಕ್ಕದ ಗೋರಿಗೆ ಹೋಯಿತು.

"ಇದು ತಪ್ಪು ಹೇಳ್ತದಾ ಮೇಡಮ್ಮೋರೆ?" ಎಂದು ಗಂಗುಲಮ್ಮ ಎದ್ದು ಬಂದು ಕೇಳಿದಳು.

ತನ್ನ ಉಪಕರಣ ತಪ್ಪಲಿ ಎಂದು ಮಂದಾಕಿನಿಗೆ ಮೊದಲ ಬಾರಿ ಅನಿಸಿತು. "ಮಣ್ಣು ಒದ್ದೆ ಇದ್ರೆ... ಕೆಲವು ಸಲ..." ಎಂದಳು.

"ಮೂಗುಬೊಟ್ಟಿಗೆ ಕೂಗ್ತಲ್ಲ."

ಮಂದಾಕಿನಿ ಮೂಗುಬೊಟ್ಟನ್ನು ಅವಳ ಅಂಗೈಯಲ್ಲಿಟ್ಟಳು. ಗಂಗುಲಮ್ಮ ದಿಬ್ಬದ ತಲೆಯ ಕಡೆ ಕುಕ್ಕರಗಾಲಲ್ಲಿ ಕೂತು, ಬೆರಳಿಂದ ಮಣ್ಣು ಕೆದಕಿದಳು. ಅಷ್ಟಾದರೂ ಮಗಳಿಗೆ ಮುಟ್ಟಲಿ ಎಂದು ಮೂಗುಬೊಟ್ಟನ್ನು ಅದರೊಳಗಿಟ್ಟಳು. ಆಗ ಪಕ್ಕದ ಗೋರಿಯ ಮೇಲೆ ಪೀಪಿ ಕೂಗಿತು. ಗುದ್ದಲಿ ಬಿದ್ದ ಸದ್ದಿಗೆ ಅವಳ ಕೈ ನಿಂತಿತು. ಇದು ಒಳಗಿದ್ದರೆ ನಾಳೆ ವೇಣಿ ಹೊರಗೆ.

ಮೂಗುಬೊಟ್ಟನ್ನು ತೆಗೆದು, ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಪುಣ್ಯ ಕಟ್ಕೊಂಡೆ ಕಣಯ್ಯ," ಎಂದಳು. "ನೀನು ಕದ್ದಿದ್ದಕ್ಕೆ ಮಗ್ಳು ಉಳಿದ್ಲು."