ಮಾಳಿಗೆಯ ಮಣ್ಣು

ಅರವತ್ತೆರಡನೇ ಇಸವಿ. ರೋಹಿಣಿ ಮಳೆಗೆ ಇನ್ನು ನಾಲ್ಕಾರು ದಿನವಿತ್ತು. ಸಂತೆಯಿಂದ ಬಂದ ಮಲಕವ್ವ ತನ್ನ ಮನೆಯ ಮಾಳಿಗೆ ನೋಡಿ ಅಂಗಳದಲ್ಲೇ ನಿಂತುಬಿಟ್ಟಳು. ಬಾಡಿಗೆಗಿದ್ದ ರೇವಪ್ಪ ಧೋತರ ಮೇಲೆ ಕಟ್ಟಿ ಬಿಳಿಮಣ್ಣು ಹರಡುತ್ತಿದ್ದ. ಮೀಸೆ ತುಂಬ ಧೂಳು.

"ಯಾರನ್ನ ಕೇಳಿ ಮ್ಯಾಲ ಹತ್ತೀರಿ?"

"ಮಳಿಗಾಲ ಬಂತಲ್ರಿ. ಮಳಿ ಯಾರನ್ನೂ ಕೇಳಿ ಬರೂದಿಲ್ಲ."

"ಮಳಿ ನನ್ನ ಬಾಡಿಗಿಗಿಲ್ಲ, ನೀವು ಅದೀರಿ. ಇಳೀರಿ ಕೆಳಗ!"

ಜೋರಾಪುರ ಪೇಟೆಯಲ್ಲಿ ಮಳೆಗೆ ಸೋರದಂತೆ ಮಾಳಿಗೆಗೆ ಮಣ್ಣು ಹಾಕುವುದು ಮನೆಯೊಡೆಯರ ಹಕ್ಕು. ಬಾಡಿಗೆಯವನು ಹಾಕಿದನೆಂದರೆ ಮನೆಯ ಮೇಲೇ ಕಣ್ಣಿಟ್ಟಿದ್ದಾನೆಂದು ಓಣಿಯ ಮಾತು. ಗಂಡ ತೀರಿದ ಮೇಲೆ ಮಲಕವ್ವನಿಗೆ ಉಳಿದದ್ದು ಎರಡು ಖೋಲಿಯ ಮನೆ, ಬಿರುಸು ನಾಲಿಗೆ. ಎರಡನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಳು. ಸ್ಟೇಷನ್ ರಸ್ತೆಯಲ್ಲಿ ಕಂಬಳಿ ಮಾರುವ ರೇವಪ್ಪನೂ ಹೆಂಡತಿ ಸತ್ತವನು, ಐವತ್ತು ದಾಟಿದವನು. ಇಳಿದು ಅಂಗಡಿಗೆ ಹೋದ.

ಮಲಕವ್ವ ಸೆರಗು ಬಿಗಿದು ನಿಚ್ಚಣಿಕೆ ಹತ್ತಿದಳು. ಅವಳ ಖೋಲಿಯ ಮೇಲೆ ಮಣ್ಣು ಚೊಕ್ಕಾಗಿ ಕೂತಿತ್ತು. ಹಾಸಿಗೆ ತೊಯ್ಯುತ್ತದೆಂದು ಹೋದ ವರ್ಷ ಅವಳು ಗೊಣಗಿದ್ದ ಮೂಲೆಗೆ ಒಂದು ಬುಟ್ಟಿ ಹೆಚ್ಚೇ ಬಿದ್ದಿತ್ತು. ಅವನ ಖೋಲಿಯ ಮೇಲೆ ಹಿಡಿ ಮಣ್ಣೂ ಇಲ್ಲ, ಬಿರುಕು ಹಾಗೇ ಬಾಯಿ ಬಿಟ್ಟಿತ್ತು.

"ಅಯ್ಯ ಶಿವನ! ನನ್ನ ಬಾಯಾಗ ಮಣ್ಣ ಹಾಕಲಿ" ಎಂದುಕೊಂಡಳು.

ಸಂಜೆ ಚಹಾ ಹಿಡಿದು ಅವನ ಬಾಗಿಲಿಗೆ ಹೋದಳು. "ನಿಮ್ಮ ಕಡೆ ಯಾಕ ಹಾಕಲಿಲ್ಲ?"

"ಕಂಬಳಿ ಮಾರಾವ ನಾ. ತೊಯ್ದರ ಹೊಚ್ಚಿಕೊಳ್ಳಾಕ ಐತ್ರಿ."

ಅವಳು ನಕ್ಕಳು. ಆ ನಗು ನೋಡುತ್ತ ಅವನು ಬಸಿಗೆ ಸುರುವಿಕೊಂಡ ಚಹಾ ಕುಡಿಯುವುದನ್ನೇ ಮರೆತ. ಅವಳಿಗೆ ಅದು ತಿಳಿಯಿತು. ತಿಳಿಯದವಳಂತೆ ಕಣ್ಣು ತಗ್ಗಿಸಿ ಸೆರಗಿನ ಅಂಚು ನೋಡಿದಳು.

"ಒಂದ ಮಾತ್ರಿ, ಸಿಟ್ಟಾಗಬ್ಯಾಡ್ರಿ. ನಾವಿಬ್ಬರೂ ಉಡಿಕಿ ಮಾಡ್ಕೊಳ್ಳೂಣೇನ್ರಿ?" ಎಂದ ರೇವಪ್ಪ.

ಗಂಡ ಸತ್ತವಳ ಮರುಮದುವೆಗೆ ಅವರಲ್ಲಿ ಅಡ್ಡಿಯಿರಲಿಲ್ಲ. ಆದರೆ ಉಡಿಕೆಯಾದವಳು ಹಿಂದಿನ ಗಂಡನ ಮನೆ ಬಿಡಬೇಕೆಂದು ಹಿರಿಯರ ಕಟ್ಟಳೆ. ಬಬಲೇಶ್ವರದ ಮೈದುನ ಯಲಗೂರಪ್ಪ ಆ ಮನೆಯ ಕೀಲಿಕೈಗಾಗಿ ಎಂದಿನಿಂದಲೋ ಕಾದಿದ್ದ.

ಮಲಕವ್ವನ ಮುಖ ಬಾಡಿತು. "ಈ ವಯಸ್ಸಿನ್ಯಾಗ ಸ್ವಂತ ಮನಿ ಬಿಟ್ಟು ಮಂದಿ ಮನ್ಯಾಗ ಇರಲೇನ್ರಿ? ಮುದುಕರು ಜಡ್ಡಾದ್ರ ಸಾಕು, ಮಾಲಕರು ಗಂಟು ಕಟ್ಟಸ್ತಾರ. ಹೆಣ ತಮ್ಮ ಮನ್ಯಾಗ ಬಿದ್ದೀತು ಅಂತ."

"ಖರೇ ಐತ್ರಿ. ನನ್ನ ಕಡೆ ಮನಿ ಇಲ್ಲ, ಮುಂದೂ ಆಗೂದಿಲ್ಲ. ಬ್ಯಾಡ ಅಂದ್ರ ಖೋಲಿ ಬಿಡತೀನಿ. ದಿನಾ ನಿಮ್ಮ ದನಿ ಕೇಳಿ ಸುಮ್ಮನಿರಾಕ ಆಗವಲ್ದು."

ಮರುದಿನ ಅವನು ಕಂಬಳಿಯ ಗಂಟು ಹೊತ್ತು ತಿಕೋಟಾ ಸಂತೆಗೆ ಹೋದ. ಮಧ್ಯಾಹ್ನ ಮಳೆ ಹೊಡೆಯಿತು. ಅವನ ಖೋಲಿ ಸೋರುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಮಲಕವ್ವನ ಖೋಲಿಯಲ್ಲಿ ಹನಿಯೂ ಬೀಳಲಿಲ್ಲ. ಸಾಯುವತನಕ ಹೀಗೇ ಒಬ್ಬಳೇ ಬೆಚ್ಚಗೆ ಕೂರಬೇಕೇ ಎಂದು ಅವಳಿಗೆ ಅಂಜಿಕೆಯಾಯಿತು. ಗಳಗಳ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಬಸ್ಸಿಗೆ ಹೊರಟಳು.

ಸಂಜೆ ರೇವಪ್ಪ ಮರಳಿ ಬಂದಾಗ ಅವಳು ಆಗಲೇ ಹಿಂತಿರುಗಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿದ್ದಳು. "ನಡೀರಿ. ಖೋಲಿ ಬಿಡತೀನಿ ಅಂದಿದ್ರಲ್ಲ, ಮನಿ ನೋಡೂಣು."

ಅಷ್ಟು ಅವಸರವೇ ಎಂದು ಅವನ ಎದೆ ಕುಸಿಯಿತು. ತಲೆ ತಗ್ಗಿಸಿ ಹಿಂದೆ ನಡೆದ.

ಹಿಂದಿನ ಓಣಿಯಲ್ಲಿ ಒಂಟಿ ಮುದುಕಿ ಗುಲಶನಳ ಮನೆ. ಖೋಲಿ ತೋರಿಸಿ ಅವಳು ಕೇಳಿದಳು, "ಎಷ್ಟ ಮಂದಿ ಇರತೀರಿ?"

"ಒಬ್ಬಾವ್ರಿ" ಎಂದ ರೇವಪ್ಪ.

"ಇಬ್ಬರು" ಎಂದಳು ಮಲಕವ್ವ.

ಅವನು ತಟ್ಟನೆ ತಲೆಯೆತ್ತಿದ. ಅವಳು ಅವನ ಕಡೆ ನೋಡಲಿಲ್ಲ, ಆದರೆ ಕಿವಿಯವರೆಗೂ ಕೆಂಪಾಗಿದ್ದಳು.

"ಬಬಲೇಶ್ವರಕ್ಕ ಹೋಗಿ ಮೈದುನನ ಕೈಯಾಗ ಕೀಲಿಕೈ ಹಾಕಿ ಬಂದೀನಿ. ಮುಂದಿನ ಸ್ವಾಮಾರ ನಮ್ಮ ಉಡಿಕಿ. ಗುಲಶನಬೀ, ಮೊದಲ ಹೇಳತೀನಿ. ನಾವು ಇಲ್ಲಿ ಸಾಯೂತನಕ ಇರಾವ್ರು. ಒಪ್ಪಿಗಿ ಐತೇನು?"

ಗುಲಶನ ಬೊಚ್ಚುಬಾಯಿ ಬಿಟ್ಟು ನಕ್ಕಳು. "ಮೊದಲ ನನ್ನ ಕಳಿಸ್ರೆವ್ವಾ, ಆಮ್ಯಾಲ ನಿಮ್ಮದು ನೋಡೂಣು. ಆದ್ರ ಮಾಳಗಿ ಸೋರತೈತಿ ನೋಡ್ರಿ. ನನ್ನ ಕೈಲೆ ಮಣ್ಣ ಹೊರಾಕ ಆಗೂದಿಲ್ಲ."

ರೇವಪ್ಪನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಮರೆತು ಬುಟ್ಟಿ ಎಲ್ಲಿದೆಯೆಂದು ಕೇಳಿದ.

"ಎರಡು ಕೊಡ್ರಿ" ಎಂದಳು ಮಲಕವ್ವ. "ಈ ಸರತಿ ನಾನೂ ಹೊರತೀನಿ."