ಕಟ್ಟಿಗೆಯ ಮಾವಿನಹಣ್ಣು

ಪುಣೆಯಿಂದ ಬಂದ ಇ-ಮೇಲನ್ನು ಭೀಮಶಿ ಓದಿ ಹೇಳುತ್ತಿದ್ದರೆ, ಅನ್ನಪೂರ್ಣಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು.

“ಒಬ್ರು ಆಜಿ ಬರದಾರ್ರಿ. ಮೊಮ್ಮಗನ ಬರ್ತ್‌ಡೇಕ್ಕ ಒಂದು ಡಜನ್ ಹಾಪೂಸ್ ಮಾವು ತರಿಸಿದ್ರಂತ. ಚಾಕು ಮುರೀತಂತ, ಹಣ್ಣು ಹೆಚ್ಚಾಕ ಬರಲಿಲ್ಲಂತ.”

ಅವನು ನಗಲೂ ಇಲ್ಲ, ಬೈಯಲೂ ಇಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಅವಳ ಅಪ್ಪ ರಾಯಪ್ಪ ಗೋಕಾಕದಲ್ಲಿ ಕಟ್ಟಿಗೆ ಕೆತ್ತಿ, ಬಣ್ಣ ಹಚ್ಚಿ ಹಣ್ಣು ಮಾಡುವವರು. ನೊಣವೂ ಮೋಸ ಹೋಗಬೇಕು, ಅಂಥ ಕೈ. ಆದರೆ ಕೊಳ್ಳುವವರೇ ಇಲ್ಲ. “ಈ ವರ್ಷಕ್ಕ ಸಾಕವ್ವಾ, ಉಳಿ ಕೆಳಗ ಇಡ್ತೇನಿ” ಎಂದುಬಿಟ್ಟಿದ್ದರು. ಅದನ್ನು ತಪ್ಪಿಸಲೆಂದೇ ಅವಳು ಘೋಡಗೇರಿಯ ಭೀಮಶಿ ಗೋಕಾಕದಲ್ಲಿ ತೆರೆದಿದ್ದ ಕಂಪ್ಯೂಟರ್ ಅಂಗಡಿಗೆ ಬಂದು ವೆಬ್‌ಸೈಟ್ ಮಾಡಿಸಿದ್ದು.

ಅದು 2006ನೇ ಇಸವಿ. ಸರ್ಚ್ ಮಾಡಿದರೆ ಹತ್ತನೇ ಪುಟದಲ್ಲೂ ಅವರ ಹೆಸರಿಲ್ಲ.

“ಹಾಪೂಸ್, ತಾಜಾ ಮಾವು ಅಂತ ಬಿಳಿ ಪುಟದ ಮ್ಯಾಲೆ ಬಿಳಿ ಅಕ್ಷರದಾಗ ತುಂಬ್ರಿ. ಮಂದಿಗೆ ಕಾಣೂದಿಲ್ಲ, ಸರ್ಚಿಗೆ ಕಾಣತೈತಿ” ಎಂದು ಅವಳು ದುಂಬಾಲು ಬಿದ್ದಿದ್ದಳು. ಅವನು ಒಲ್ಲೆ ಎಂದ. ಅವನು ಊಟಕ್ಕೆ ಹೋದ ಹೊತ್ತು ನೋಡಿ ತಾನೇ ತುಂಬಿದಳು. ‘ಕಟ್ಟಿಗೆ’ ಎಂಬ ಮಾತನ್ನೂ ಅಳಿಸಿದಳು. ಎಂಥ ಪೆದ್ದು ಹುಡುಗಿ! ಈಗ ಸರ್ಚಿನವರು ಈ ಆಟ ಪತ್ತೆಹಚ್ಚಿ ಸೈಟನ್ನೇ ತೆಗೆದುಹಾಕಿದ್ದರು.

“ಬೈರಿ ನನ್ನ” ಎಂದಳು.

“ಬೈದ್ರ ಸೈಟ್ ವಾಪಸ್ ಬರತೈತೇನ್ರಿ? ಕುಂದರ್ರಿ. ಆಜಿಗೆ ನೀವ ಬರೀರಿ, ಆದದ್ದು ಆದಾಂಗ.”

ಅವಳು ಅಳುತ್ತಲೇ ಬರೆದಳು. ಅವನು ಆ ಬಿಳಿ ಅಕ್ಷರಗಳನ್ನೆಲ್ಲ ಕಿತ್ತುಹಾಕಿ, ತಪ್ಪೊಪ್ಪಿ ಸರ್ಚಿನವರಿಗೂ ಪತ್ರ ಕಳಿಸಿದ. ಆಮೇಲೆ ಕ್ಯಾಮೆರಾ ಹಿಡಿದು ಅವರ ಮನೆಗೇ ಬಂದ. ರಾಯಪ್ಪ ತೊಗಟೆ ಸುಲಿಯುವುದು, ಕೆತ್ತುವುದು, ಬಣ್ಣ ಹಚ್ಚುವುದು, ಎಲ್ಲದರ ಫೋಟೋ ತೆಗೆದ. ಅವಳಿಂದ ಒಂದೊಂದಕ್ಕೂ ವಿವರ ಬರೆಸಿದ.

“ಹಣ್ಣು ಈ ಕಡೆ ಅದಾವ್ರಿ” ಎಂದಳು ಅವಳು, ಕ್ಯಾಮೆರಾ ತನ್ನ ಕಡೆಗೇ ತಿರುಗಿದ್ದನ್ನು ಕಂಡು.

“ಬೆಳಕು ಆ ಕಡೆ ಐತ್ರಿ” ಎಂದವನ ಕಿವಿ ಕೆಂಪಾದವು. ಅವಳು ಬಣ್ಣದ ಬಟ್ಟಲನ್ನು ಸುಮ್ಮಸುಮ್ಮನೆ ಕಲಕಿದಳು.

ತಿಂಗಳೊಪ್ಪತ್ತಿಗೆ ಆಜಿಯ ಉತ್ತರ ಬಂತು. ಹಣ್ಣು ಈಗ ಶೋಕೇಸಿನಲ್ಲಿವೆ, ಬಂದವರೆಲ್ಲ ಕೈ ಹಾಕಿ ಬೇಸ್ತು ಬೀಳುತ್ತಾರೆ. ಆಜಿಯ ಮಗಳು ಮಕ್ಕಳ ಆಟಿಕೆಗಳ ತನ್ನ ಸೈಟಿನಲ್ಲಿ ಈ ಕತೆ ಬರೆದು ಲಿಂಕ್ ಕೊಟ್ಟಿದ್ದಾಳೆ. ಅದನ್ನು ನೋಡಿ ಇನ್ನೂ ನಾಲ್ಕು ಜನ ತಮ್ಮ ಸೈಟುಗಳಲ್ಲೂ ಬರೆದು ಲಿಂಕ್ ಕೊಟ್ಟರು. ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಭೀಮಶಿ ‘ಗೋಕಾಕ ಕಟ್ಟಿಗೆ ಆಟಿಕೆ’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ. ಮೊದಲ ಪುಟದಲ್ಲೇ ಅವರ ಸೈಟ್! ನಾಶಿಕದಿಂದ, ಹುಬ್ಬಳ್ಳಿಯಿಂದ ಆರ್ಡರ್ ಬರತೊಡಗಿದವು. ರಾಯಪ್ಪ ಎರಡು ಹೊಸ ಉಳಿ ತಂದರು.

ಅವತ್ತು ಅನ್ನಪೂರ್ಣಾ ಅಂಗಡಿಗೆ ಬಂದು ಕೈ ಜೋಡಿಸಿಯೇ ಬಿಟ್ಟಳು.

“ನನ್ನ ಮಾತು ಕೇಳಲಿಲ್ಲಲ್ಲ, ಅದ ದೊಡ್ಡ ಉಪಕಾರ ಆತ್ರಿ. ಅಪ್ಪನ ಕೆಲಸ ಉಳಿಸಿದ್ರಿ. ಅವನ ಹೆಸರೂ ಉಳಿಸಿದ್ರಿ.”

ಭೀಮಶಿ ಕೀಬೋರ್ಡ್ ನೋಡುತ್ತಲೇ ಹೇಳಿದ: “ನಮ್ಮವ್ವ ಕಾಶೆವ್ವ ನಾಳೆ ನಿಮ್ಮ ಮನಿಗೆ ಬರಾಕತ್ತಾಳ್ರಿ. ನನಗ ನಿಮ್ಮನ್ನ ಕೇಳಾಕ.”

ಅವಳು ದುಪಟ್ಟಾದ ತುದಿಯನ್ನು ಮತ್ತೆ ಬೆರಳಿಗೆ ಸುತ್ತಿದಳು. ಆದರೂ ಬಿಡಲಿಲ್ಲ. “ನಾ ಒಲ್ಲೆ ಅಂದ್ರ?”

“ಹುಡುಗಿ ಒಲ್ಲೆ ಅಂದ್ಲು ಅಂತ ಅವ್ವಗ ಖರೆನ ಹೇಳ್ತೇನಿ.”

ಪಾಪ, ಹೇಳಿಯೇ ಬಿಡುವವನು! ಅವಳಿಗೆ ನಗುವೂ ಬಂತು, ಕಣ್ಣೀರೂ ಬಂತು.

“ಹಂಗಾರ” ಎಂದಳು, “ಹೂಂ ಅಂದ್ಲು ಅಂತ ಹೇಳ್ರಿ.”